ಹನಿಯಾಗಿ ಸೋರುವ ಕೂಲೆಂಟ್: ಬಿಸಿಲ ನಾಡಿನ ಗ್ಯಾರೇಜುಗಳಿಗೊಂದು ಎಚ್ಚರಿಕೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಮಹಾನದಿಗಳ ನಡುವೆ ಇದ್ದರೂ ರಾಯಚೂರು ಜಿಲ್ಲೆ ಹೆಸರಾಗಿರುವುದು ಬಿಸಿಲಿಗೆ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ವಿಶೇಷವೇನಲ್ಲ. ಇಂಥ ಬಿಸಿಲಿನಲ್ಲಿಯೂ ವ್ಯಾಪಾರ ನಿಲ್ಲುವಂತಿಲ್ಲ. ಬೀಜ, ಗೊಬ್ಬರ, ಕೀಟನಾಶಕ ಕಂಪನಿಗಳ ಪ್ರತಿನಿಧಿಗಳು, ರಾಜೇಂದ್ರ ಗಂಜಿನ ಅಡತಿ ಅಂಗಡಿಗಳ ಗುಮಾಸ್ತರು, ಅಕ್ಕಿ ಗಿರಣಿಗಳ ಖರೀದಿದಾರರು ದಿನವೂ ಮಾನ್ವಿ, ದೇವದುರ್ಗ, ಸಿಂಧನೂರುಗಳ ಹಳ್ಳಿಗಳನ್ನು ಸುತ್ತುವುದು ಬಹುಮಟ್ಟಿಗೆ ಮೋಟಾರ್ ಸೈಕಲ್ಲಿನ ಮೇಲೆಯೇ. ನಡುದಾರಿಯಲ್ಲಿ ಗಾಡಿ ಕೈಕೊಟ್ಟರೆ ಅಂದಿನ ವಸೂಲಿಯೂ ಹೋಯಿತು, ಒಪ್ಪಿಕೊಂಡ ಮಾತೂ ಹೋಯಿತು.

ಗಾಡಿ ಕೈಕೊಡುವ ಕಾರಣಗಳ ಪಟ್ಟಿಗೆ ಕಳೆದ ಒಂದೂವರೆ ದಶಕದಲ್ಲಿ ಹೊಸದೊಂದು ಸೇರಿದೆ. ಅದು ಕೂಲೆಂಟ್ ಸೋರಿಕೆ. ತೊಂದರೆ ಆರಂಭವಾಗುವುದು ಒಂದು ಹನಿಯಿಂದ. ಅಲಕ್ಷಿಸಿದರೆ ಮುಗಿಯುವುದು ಎಂಜಿನ್ ಬಿಚ್ಚುವುದರಲ್ಲಿ. ಉಗುರಿನಲ್ಲಿ ಚಿವುಟಬಹುದಾದದ್ದಕ್ಕೆ ಕೊಡಲಿ ಎತ್ತುವ ಈ ಸ್ಥಿತಿಯನ್ನು ತಪ್ಪಿಸುವುದು ಹೇಗೆ, ಇದರಲ್ಲಿ ಬಿಡಿಭಾಗ ವರ್ತಕರ ಹಾಗೂ ಗ್ಯಾರೇಜು ಮಾಲೀಕರ ಪಾತ್ರವೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಗಾಳಿಯ ತಂಪಿನಿಂದ ದ್ರವದ ತಂಪಿಗೆ

ದಶಕಗಳ ಕಾಲ ನಮ್ಮ ರಸ್ತೆಗಳ ಮೋಟಾರ್ ಸೈಕಲ್ಲುಗಳೆಲ್ಲ ಗಾಳಿಯಿಂದಲೇ ತಣಿಯುತ್ತಿದ್ದವು. ಮೈಸೂರಿನಲ್ಲಿ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳನ್ನು ಬಲ್ಲ ಹಿರಿಯ ಮೆಕ್ಯಾನಿಕರಿಗೆ ರೇಡಿಯೇಟರ್ ಎಂಬುದು ಲಾರಿ ಮತ್ತು ಟ್ರ್ಯಾಕ್ಟರುಗಳ ವಸ್ತುವಾಗಿತ್ತು. ಎಂಜಿನ್ನಿನ ಸುತ್ತಲಿನ ಲೋಹದ ರೆಕ್ಕೆಗಳ ಮೇಲೆ ಗಾಳಿ ಹಾಯ್ದರೆ ಸಾಕು, ಕೆಲಸ ನಡೆಯುತ್ತಿತ್ತು.

2008ರಲ್ಲಿ ಯಮಹಾ ಆರ್15 ಮಾರುಕಟ್ಟೆಗೆ ಬಂದಾಗ 150 ಸಿಸಿ ವರ್ಗದ ಗಾಡಿಯಲ್ಲಿಯೂ ರೇಡಿಯೇಟರ್ ಕಾಣಿಸಿಕೊಂಡಿತು. 2012ರಲ್ಲಿ ಕೆಟಿಎಂ 200 ಡ್ಯೂಕ್ ಮತ್ತು ಬಜಾಜ್ ಪಲ್ಸರ್ 200 ಎನ್‌ಎಸ್ ಬಂದ ಮೇಲೆ ತಾಲ್ಲೂಕು ಕೇಂದ್ರಗಳ ಯುವಕರ ಕೈಗೂ ದ್ರವ ತಂಪಿನ ಎಂಜಿನ್ ತಲುಪಿತು. ನೆರೆಯ ಹೊಸೂರಿನ ಟಿವಿಎಸ್ ಕಂಪನಿಯು 2017ರ ಡಿಸೆಂಬರಿನಲ್ಲಿ ಅಪಾಚೆ ಆರ್‌ಆರ್ 310 ಗಾಡಿಯನ್ನು ಹೊರತಂದಿತು. 2018ರಲ್ಲಿ ಮರುಜನ್ಮ ಪಡೆದ ಜಾವಾ ಹಾಗೂ 2022ರಲ್ಲಿ ಮರಳಿದ ಯೆಜ್ಡಿ ಹಳೆಯ ಹೆಸರನ್ನು ಉಳಿಸಿಕೊಂಡರೂ ಎಂಜಿನ್ನಿಗೆ ದ್ರವ ತಂಪನ್ನೇ ಆರಿಸಿಕೊಂಡವು. 2023ರಲ್ಲಿ ರಾಯಲ್ ಎನ್‌ಫೀಲ್ಡ್ ಕೂಡ ಹೊಸ ಹಿಮಾಲಯನ್ ಗಾಡಿಯ ಮೂಲಕ ಇದೇ ಹಾದಿಗೆ ಬಂದಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಂಜಿನ್ನಿನ ಮುಂದೆ ಜಾಲರಿಯಂಥ ಭಾಗ ಕಂಡ ಮಾತ್ರಕ್ಕೆ ಅದು ಕೂಲೆಂಟಿನ ಗಾಡಿ ಎಂದು ತಿಳಿಯಬಾರದು. ಪಲ್ಸರ್ 220, ಅಪಾಚೆ ಆರ್‌ಟಿಆರ್ 200 ಮೊದಲಾದವುಗಳಲ್ಲಿ ಇರುವುದು ಎಣ್ಣೆಯನ್ನು ತಣಿಸುವ ಆಯಿಲ್ ಕೂಲರ್. ಅದರಲ್ಲಿ ಹರಿಯುವುದು ಎಂಜಿನ್ ಆಯಿಲ್ ಮಾತ್ರ. ಗ್ರಾಹಕ ಕೇಳಿದನೆಂದು ಇಂಥ ಗಾಡಿಗೆ ಕೂಲೆಂಟ್ ಡಬ್ಬಿ ಮಾರುವುದು ವ್ಯಾಪಾರವೆನಿಸದು.

ಒತ್ತಡದಲ್ಲಿದೆ ಗುಟ್ಟು

ಮೋಟಾರ್ ಸೈಕಲ್ಲಿನಲ್ಲಿ ತುಂಬುವ ಕೂಲೆಂಟ್ ಸಾಮಾನ್ಯವಾಗಿ ಒಂದು ಲೀಟರಿನ ಆಸುಪಾಸಿನದು. ವಾಟರ್ ಪಂಪ್ ಅದನ್ನು ಎಂಜಿನ್ನಿನೊಳಗಿನ ಕಾಲುವೆಗಳಲ್ಲಿ ಓಡಿಸುತ್ತದೆ. ಅಲ್ಲಿ ಕಾದ ದ್ರವವು ಥರ್ಮೋಸ್ಟಾಟ್ ತೆರೆದೊಡನೆ ರೇಡಿಯೇಟರಿಗೆ ಬಂದು, ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು, ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಗಾಡಿ ನಿಂತಲ್ಲೇ ನಿಂತಾಗ ಗಾಳಿ ಒದಗಿಸುವ ಹೊಣೆ ವಿದ್ಯುತ್ ಫ್ಯಾನಿನದು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರವು ಕೃಷ್ಣೆಯ ನೀರನ್ನು ನೆಚ್ಚಿಕೊಂಡಿರುವಂತೆಯೇ ಈ ಪುಟ್ಟ ಎಂಜಿನ್ನೂ ತನ್ನ ಒಂದು ಲೀಟರ್ ದ್ರವವನ್ನು ನೆಚ್ಚಿಕೊಂಡಿದೆ.

ಸಾಮಾನ್ಯ ನೀರು 100 ಡಿಗ್ರಿಗೆ ಕುದಿಯುತ್ತದೆ. ಆದರೆ ರೇಡಿಯೇಟರಿನ ಮುಚ್ಚಳವು ಒಳಗಿನ ದ್ರವವನ್ನು ಸುಮಾರು 1.1 ಬಾರ್ ಒತ್ತಡದವರೆಗೆ ಬಿಗಿಹಿಡಿದಿರುತ್ತದೆ. ಈ ಒತ್ತಡದಲ್ಲಿ ನೀರಿನ ಕುದಿಬಿಂದುವೇ 120 ಡಿಗ್ರಿ ದಾಟುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟಿನದು 130 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಎಲ್ಲಿಯಾದರೂ ಸೋರಿಕೆ ಉಂಟಾದರೆ ನಷ್ಟವಾಗುವುದು ದ್ರವವಷ್ಟೇ ಅಲ್ಲ, ಒತ್ತಡವೂ ಹೌದು. ಒತ್ತಡ ಹೋದೊಡನೆ ಕುದಿಬಿಂದು ಇಳಿಯುತ್ತದೆ, ದ್ರವ ಆವಿಯಾಗುತ್ತದೆ, ಆವಿ ತುಂಬಿದ ಜಾಗದಲ್ಲಿ ಲೋಹ ತಣಿಯುವುದಿಲ್ಲ. ಅಲ್ಯುಮಿನಿಯಂ ಹೆಡ್ ಬಾಗುವುದೂ ಗ್ಯಾಸ್ಕೆಟ್ ಸುಡುವುದೂ ಆಗಲೇ. ಸೋರಿಕೆ ಸಣ್ಣದಿದ್ದರೂ ಪರಿಣಾಮ ದೊಡ್ಡದಾಗುವ ಕಾರಣ ಇದು.

ರೋಗ ತಿಳಿಯುವ ಕ್ರಮ

ಮಾನ್ವಿಯ ಕಡೆಯಿಂದ ಒಂದು ಗಾಡಿ ಗ್ಯಾರೇಜಿಗೆ ಬಂದಿದೆ ಎಂದಿಟ್ಟುಕೊಳ್ಳಬಹುದು. ಮೀಟರಿನಲ್ಲಿ ಉಷ್ಣಾಂಶದ ಕೆಂಪು ದೀಪ ಉರಿಯುತ್ತಿದೆ. ಸವಾರನು ಪ್ರತಿ ವಾರ ನೀರು ಹಾಕುತ್ತಿರುವುದಾಗಿ ಹೇಳುತ್ತಾನೆ. ಆದರೆ ನಿಲ್ಲಿಸಿದ ಜಾಗದಲ್ಲಿ ನೆಲ ಒದ್ದೆಯಾದದ್ದನ್ನು ಕಂಡಿಲ್ಲ. ಅವಸರದ ಮೆಕ್ಯಾನಿಕ್ ಇಲ್ಲಿ ಮಾಡುವ ಮೊದಲ ತಪ್ಪೆಂದರೆ ಬಿಸಿಯಾಗಿರುವಾಗಲೇ ಮುಚ್ಚಳ ತೆರೆಯುವುದು. ಒತ್ತಡದಲ್ಲಿದ್ದ ದ್ರವ ಒಮ್ಮೆಲೇ ಕುದಿದು ಮುಖಕ್ಕೆ, ಕೈಗೆ ಚಿಮ್ಮುತ್ತದೆ. ಎಂಜಿನ್ ಸಂಪೂರ್ಣ ತಣಿಯುವವರೆಗೆ ಮುಚ್ಚಳವನ್ನು ಮುಟ್ಟಬಾರದು. ಕಾಯುವ ಈ ವೇಳೆ ವ್ಯರ್ಥವೇನೂ ಆಗುವುದಿಲ್ಲ. ಕಣ್ಣಿನಿಂದ ಮಾಡುವ ಪರೀಕ್ಷೆಯನ್ನು ಅಷ್ಟರಲ್ಲಿ ಮುಗಿಸಬಹುದು.

ಮೊದಲು ನೋಡಬೇಕಾದದ್ದು ಒಣಗಿದ ಗುರುತು. ಕೂಲೆಂಟ್ ಬಿಸಿ ಲೋಹದ ಮೇಲೆ ಬಿದ್ದರೆ ನೆಲಕ್ಕೆ ಇಳಿಯುವ ಮುನ್ನವೇ ನೀರಿನಂಶ ಆರಿಹೋಗುತ್ತದೆ. ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಪುಡಿಯಂಥ ಕಲೆ ಉಳಿಯುತ್ತದೆ. ನೆಲ ಒಣಗಿದ್ದರೂ ಸೋರಿಕೆ ಇರಬಹುದು ಎಂಬುದಕ್ಕೆ ಈ ಕಲೆಯೇ ಸಾಕ್ಷಿ. ಹೋಸ್ ಪೈಪು ಕೂಡುವ ಕಡೆ, ಕ್ಲ್ಯಾಂಪಿನ ಅಂಚು, ರೇಡಿಯೇಟರಿನ ಮೂಲೆಗಳು, ವಾಟರ್ ಪಂಪಿನ ಕೆಳಭಾಗ, ಇವುಗಳನ್ನು ಟಾರ್ಚ್ ಬೆಳಕಿನಲ್ಲಿ ಒಂದೊಂದಾಗಿ ನೋಡತಕ್ಕದ್ದು.

ಎರಡನೆಯದು ಮೀಸಲು ಡಬ್ಬಿ. ಎಂಜಿನ್ ತಣ್ಣಗಿರುವಾಗ ದ್ರವದ ಮಟ್ಟ ಮೇಲಿನ ಹಾಗೂ ಕೆಳಗಿನ ಗೆರೆಗಳ ನಡುವೆ ಇರಬೇಕು. ಮೀಸಲು ಡಬ್ಬಿ ತುಂಬಿದ್ದು ರೇಡಿಯೇಟರ್ ಮಾತ್ರ ಖಾಲಿಯಾಗಿದ್ದರೆ ಅದು ಮಹತ್ವದ ಸುಳಿವು. ಬಿಸಿಯಾದಾಗ ಹಿಗ್ಗಿ ಡಬ್ಬಿಗೆ ಹೋದ ದ್ರವವು ತಣಿದಾಗ ಹಿಂದಕ್ಕೆ ಬರಬೇಕು. ಬಾರದಿದ್ದರೆ ಮುಚ್ಚಳದಲ್ಲಿರುವ ನಿರ್ವಾತ ಕವಾಟ ಅಂಟಿಕೊಂಡಿದೆ, ಇಲ್ಲವೇ ಡಬ್ಬಿಗೆ ಹೋಗುವ ಸಣ್ಣ ಪೈಪು ಸೀಳಿದೆ ಅಥವಾ ಕಟ್ಟಿದೆ ಎಂದರ್ಥ. ಎರಡೂ ಅಲ್ಪ ಖರ್ಚಿನ ದುರಸ್ತಿಗಳು. ಇದನ್ನು ಪರೀಕ್ಷಿಸದೆ ರೇಡಿಯೇಟರ್ ಬದಲಿಸಿದರೆ ಗ್ರಾಹಕನ ಹಣವೂ ಹೋಗುತ್ತದೆ, ರೋಗವೂ ಉಳಿಯುತ್ತದೆ.

ಮೂರನೆಯದು ವಾಟರ್ ಪಂಪಿನ ಕೆಳಗಿರುವ ಸಣ್ಣ ರಂಧ್ರ. ಇದನ್ನು ಕಾರ್ಖಾನೆಯವರು ಉದ್ದೇಶಪೂರ್ವಕವಾಗಿಯೇ ಕೊರೆದಿರುತ್ತಾರೆ. ಪಂಪಿನ ಒಂದು ಬದಿಗೆ ಕೂಲೆಂಟ್ ತಡೆಯುವ ಮೆಕ್ಯಾನಿಕಲ್ ಸೀಲ್, ಇನ್ನೊಂದು ಬದಿಗೆ ಎಂಜಿನ್ ಆಯಿಲ್ ತಡೆಯುವ ಆಯಿಲ್ ಸೀಲ್ ಇರುತ್ತವೆ. ರಂಧ್ರದಿಂದ ಕೂಲೆಂಟ್ ಬಂದರೆ ಮೊದಲನೆಯದು ಸವೆದಿದೆ. ಆಯಿಲ್ ಬಂದರೆ ಎರಡನೆಯದು ಹೋಗಿದೆ. ಸೋರುತ್ತಿದೆಯೆಂದು ಆ ರಂಧ್ರಕ್ಕೆ ಎಪಾಕ್ಸಿ ಮೆತ್ತಿ ಮುಚ್ಚುವ ಪದ್ಧತಿ ಕೆಲವೆಡೆ ಇದೆ. ಇದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿಲ್ಲ. ಹೊರಗೆ ಬರಲು ದಾರಿಯಿಲ್ಲದ ಕೂಲೆಂಟ್ ಬೇರಿಂಗನ್ನು ಕೆಡಿಸಿ ಎಂಜಿನ್ ಆಯಿಲಿಗೆ ಸೇರುತ್ತದೆ.

ನಾಲ್ಕನೆಯದು ಒತ್ತಡ ಪರೀಕ್ಷೆ. ಕೈಪಂಪು ಮತ್ತು ಒತ್ತಡ ಮಾಪಕ ಇರುವ ಉಪಕರಣವನ್ನು ಮುಚ್ಚಳದ ಜಾಗದಲ್ಲಿ ಕೂರಿಸಿ, ತಣ್ಣಗಿರುವ ಎಂಜಿನ್ನಿನಲ್ಲಿ ಮುಚ್ಚಳದ ಮೇಲೆ ನಮೂದಿಸಿರುವಷ್ಟೇ ಒತ್ತಡ ತುಂಬಬೇಕು. ಅದನ್ನು ಮೀರಿದರೆ ಆರೋಗ್ಯವಾಗಿರುವ ರೇಡಿಯೇಟರೂ ಒಡೆಯಬಹುದು. ಕೆಲವು ನಿಮಿಷ ಮುಳ್ಳು ಅಲುಗದಿದ್ದರೆ ವ್ಯವಸ್ಥೆ ಭದ್ರವಾಗಿದೆ. ಮುಳ್ಳು ಇಳಿದರೆ ಹನಿ ಎಲ್ಲಿಂದ ಬರುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಮುಚ್ಚಳವನ್ನೂ ಇದೇ ಉಪಕರಣದಿಂದ ಪ್ರತ್ಯೇಕವಾಗಿ ಪರೀಕ್ಷಿಸಬಹುದು.

ಮುಳ್ಳು ಇಳಿಯುತ್ತಿದ್ದು ಹೊರಗೆ ಎಲ್ಲಿಯೂ ಹನಿ ಕಾಣದಿದ್ದರೆ ಸೋರಿಕೆ ಎಂಜಿನ್ನಿನ ಒಳಗಿದೆ ಎಂದು ಸಂಶಯಿಸಬೇಕು. ಆಯಿಲ್ ನೋಡುವ ಗಾಜಿನಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಡದೆ ಬರುವ ಸಿಹಿ ವಾಸನೆಯ ಬಿಳಿ ಹೊಗೆ, ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ರೇಡಿಯೇಟರಿನಲ್ಲಿ ಒಂದೇ ಸಮನೆ ಏಳುವ ಗುಳ್ಳೆಗಳು, ಇವು ಒಳ ಸೋರಿಕೆಯ ಲಕ್ಷಣಗಳು. ಗುಳ್ಳೆ ಮತ್ತು ಹೊಗೆ ಹೆಡ್ ಗ್ಯಾಸ್ಕೆಟ್ಟಿನ ಕಡೆಗೆ ಬೆರಳು ತೋರುತ್ತವೆ. ಹಾಲಿನ ಬಣ್ಣದ ಆಯಿಲ್‌ಗೆ ಗ್ಯಾಸ್ಕೆಟ್ ಕಾರಣವಿರಬಹುದು, ಪಂಪಿನ ಸೀಲುಗಳೂ ಕಾರಣವಿರಬಹುದು.

ಮೇಲೆ ಹೇಳಿದ ಮಾನ್ವಿಯ ಗಾಡಿಯಲ್ಲಿ ಪಂಪಿನ ರಂಧ್ರದ ಕೆಳಗೆ ಬಿಳಿ ಕಲೆಯ ಗೆರೆ ಇದ್ದು, ಒತ್ತಡ ಕೊಟ್ಟಾಗ ಅಲ್ಲಿಂದಲೇ ಹನಿ ಇಳಿದರೆ ನಿರ್ಣಯ ಸ್ಪಷ್ಟ. ಆಯಿಲ್ ಇನ್ನೂ ತನ್ನ ಸಹಜ ಬಣ್ಣದಲ್ಲಿದ್ದರೆ ಒಂದು ಸೀಲು, ಒಂದು ಗ್ಯಾಸ್ಕೆಟ್ ಮತ್ತು ಅರ್ಧ ದಿನದ ಕೆಲಸದಲ್ಲಿ ಗಾಡಿ ಮತ್ತೆ ರಸ್ತೆಗೆ ಬರುತ್ತದೆ. ಸವಾರನು ಇನ್ನೂ ಕೆಲವು ವಾರ ಹಾಗೆಯೇ ನೀರು ಹಾಕುತ್ತ ಓಡಿಸಿದ್ದರೆ ಲೆಕ್ಕ ಹೆಡ್ಡು, ಪಿಸ್ಟನ್, ಬೇರಿಂಗುಗಳವರೆಗೆ ಹೋಗುತ್ತಿತ್ತು.

ದುರಸ್ತಿಯ ಶಿಸ್ತು

ಪಂಪಿನ ಮೆಕ್ಯಾನಿಕಲ್ ಸೀಲ್ ಎಂದರೆ ಒಂದಕ್ಕೊಂದು ಉಜ್ಜುತ್ತ ತಿರುಗುವ ಎರಡು ನುಣುಪಾದ ಮುಖಗಳು. ಇದನ್ನು ಸುತ್ತಿಗೆಯಿಂದ ಬಡಿದು ಕೂರಿಸಬಾರದು. ಸರಿಯಾದ ಅಳತೆಯ ಬುಶ್ ಇಟ್ಟು ಸಮನಾಗಿ ಒತ್ತಬೇಕು. ಎಣ್ಣೆ, ಗ್ರೀಸು ಅಥವಾ ಬೆರಳಿನ ಕೊಳೆ ಆ ಮುಖಗಳಿಗೆ ತಾಗಬಾರದು. ಸೀಲ್ ಬದಲಿಸುವಾಗ ಶಾಫ್ಟಿನಲ್ಲಿ ಗೀರು ಬಿದ್ದಿದೆಯೇ, ಬೇರಿಂಗ್ ಅಲುಗಾಡುತ್ತಿದೆಯೇ ಎಂಬುದನ್ನೂ ನೋಡಬೇಕು. ಇಲ್ಲದಿದ್ದರೆ ಹೊಸ ಸೀಲು ಹಳೆಯದಕ್ಕಿಂತ ಬೇಗ ಹೋಗುತ್ತದೆ.

ಹೋಸ್ ಪೈಪು ಒತ್ತಿದಾಗ ಬಿರುಸಾಗಿದ್ದರೆ, ಮೇಲ್ಮೈಯಲ್ಲಿ ಸೀಳುಗಳಿದ್ದರೆ ಅಥವಾ ಅತಿಯಾಗಿ ಮೆತ್ತಗಾಗಿ ಉಬ್ಬಿದ್ದರೆ ಬದಲಿಸುವುದೊಂದೇ ದಾರಿ. ಕ್ಲ್ಯಾಂಪನ್ನು ಅತಿಯಾಗಿ ಬಿಗಿದರೆ ರಬ್ಬರ್ ಕತ್ತರಿಸುತ್ತದೆ. ರೇಡಿಯೇಟರಿನ ಅಲ್ಯುಮಿನಿಯಂ ಕೊಳವೆಯಲ್ಲಿ ಕಲ್ಲಿನ ಏಟಿನಿಂದ ರಂಧ್ರವಾಗಿದ್ದರೆ ಅಲ್ಯುಮಿನಿಯಂ ವೆಲ್ಡಿಂಗ್ ಬಲ್ಲವರಿಂದ ಸರಿಪಡಿಸಬಹುದು. ಎಪಾಕ್ಸಿ ಅಂಟು ಮನೆ ಮುಟ್ಟಿಸುವ ತಾತ್ಕಾಲಿಕ ಉಪಾಯ ಮಾತ್ರ. ಸೋರಿಕೆ ನಿಲ್ಲಿಸುವ ಪುಡಿಗಳನ್ನು ರೇಡಿಯೇಟರಿಗೆ ಸುರಿಯುವುದೂ ಹಾಗೆಯೇ. ಮೋಟಾರ್ ಸೈಕಲ್ಲಿನ ಕೊಳವೆಗಳು ಬಹಳ ಕಿರಿದು. ಪುಡಿಯು ರಂಧ್ರದ ಜೊತೆಗೆ ದಾರಿಯನ್ನೂ ಮುಚ್ಚಬಲ್ಲದು.

ಸೋರಿಕೆಯೇ ಇಲ್ಲದೆ ಗಾಡಿ ಕುದಿಯುವುದೂ ಉಂಟು. ಗದ್ದೆಯ ಕೆಸರು, ಹುಲ್ಲಿನ ಚೂರು, ಕಪ್ಪು ಮಣ್ಣಿನ ಧೂಳು ರೇಡಿಯೇಟರಿನ ಸಂದುಗಳಲ್ಲಿ ಕುಳಿತರೆ ಗಾಳಿ ಹಾಯುವುದಿಲ್ಲ. ಫ್ಯಾನಿನ ಫ್ಯೂಸ್ ಹೋಗಿದ್ದರೂ ಇದೇ ಪರಿಣಾಮ. ತೊಳೆಯುವಾಗ ರಭಸದ ನೀರನ್ನು ನೇರವಾಗಿ ಹೊಡೆದರೆ ತೆಳು ಪಟ್ಟಿಗಳು ಬಾಗಿ ದಾರಿ ಮುಚ್ಚುತ್ತವೆ. ಮೃದು ಧಾರೆಯಿಂದ ಒಳಬದಿಯಿಂದ ಹೊರಕ್ಕೆ ತೊಳೆಯುವುದು ಲೇಸು.

ಕೊನೆಯ ಹಂತ ಗಾಳಿ ತೆಗೆಯುವುದು. ಹೊಸ ಕೂಲೆಂಟನ್ನು ನಿಧಾನವಾಗಿ ತುಂಬಿ, ಗಾಡಿಯನ್ನು ನೇರವಾಗಿ ನಿಲ್ಲಿಸಿ, ಗಾಳಿ ಬಿಡುವ ಬೋಲ್ಟ್ ಇದ್ದರೆ ಸಡಿಲಿಸಿ, ಎಂಜಿನ್ನನ್ನು ಕೆಲಕಾಲ ನಿಧಾನ ವೇಗದಲ್ಲಿ ಓಡಿಸಿ, ಮಟ್ಟ ಇಳಿದಂತೆ ಮತ್ತೆ ತುಂಬಬೇಕು. ಒಳಗೆ ಗಾಳಿ ಉಳಿದರೆ ಉತ್ತಮ ದುರಸ್ತಿಯೂ ವಿಫಲವಾದಂತೆ ಕಾಣುತ್ತದೆ. ಮುಚ್ಚಳ ಹಾಕಿ ಫ್ಯಾನ್ ತಾನಾಗಿ ತಿರುಗಿ ನಿಲ್ಲುವವರೆಗೆ ಕಾಯ್ದು, ಮರುದಿನ ಬೆಳಗ್ಗೆ ತಣ್ಣಗಿರುವಾಗ ಮಟ್ಟವನ್ನು ಇನ್ನೊಮ್ಮೆ ನೋಡಿದ ಮೇಲೆಯೇ ಗಾಡಿಯನ್ನು ಒಪ್ಪಿಸುವುದು ಉಚಿತ.

ನೀರಿನ ಪ್ರಶ್ನೆ

"ಇಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ ಬೇಕು? ನೀರೇ ಸಾಕಲ್ಲವೇ?" ಎಂಬ ಪ್ರಶ್ನೆಯನ್ನು ಅಂಗಡಿಯವರು ಆಗಾಗ ಕೇಳಬೇಕಾಗುತ್ತದೆ. ಇದಕ್ಕೆ ಉತ್ತರ ರಾಯಚೂರಿನ ನೆಲದಲ್ಲಿಯೇ ಇದೆ. ಜಿಲ್ಲೆಯ ಅನೇಕ ಕಡೆ ಕೊಳವೆ ಬಾವಿಯ ನೀರು ಗಡಸು. ಫ್ಲೋರೈಡ್ ಸಮಸ್ಯೆಯೂ ಹಳೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ, ಸಿಂಧನೂರು ಭಾಗಗಳಲ್ಲಿ ಸವಳು ಭೂಮಿಯ ತೊಂದರೆ ರೈತರಿಗೆಲ್ಲ ಗೊತ್ತಿರುವುದೇ. ಇಂಥ ನೀರು ಕಾದ ಲೋಹಕ್ಕೆ ತಾಗಿದಾಗ ಒಲೆಯ ಮೇಲಿನ ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರವೇ ಎಂಜಿನ್ನಿನೊಳಗೂ ಕಟ್ಟುತ್ತದೆ. ಆ ಪದರವು ಶಾಖವನ್ನು ಹೊರಬಿಡುವುದಿಲ್ಲ. ನೀರಿನಲ್ಲಿರುವ ಕ್ಲೋರೈಡ್ ಲವಣಗಳು ಅಲ್ಯುಮಿನಿಯಂನಲ್ಲಿ ಸಣ್ಣ ಸಣ್ಣ ಗುಳಿ ಕೊರೆಯುತ್ತವೆ. ಉದುರಿದ ಕಣಗಳು ಪಂಪಿನ ಸೀಲನ್ನು ಉಜ್ಜಿ ಸವೆಸುತ್ತವೆ. ಹೀಗೆ ಸೋರಿಕೆಗೆ ಮದ್ದೆಂದು ಹಾಕಿದ ನೀರೇ ಮುಂದಿನ ಸೋರಿಕೆಗೆ ಬೀಜವಾಗುತ್ತದೆ.

ಕೂಲೆಂಟಿನ ಮುಖ್ಯ ಗುಣ ಅದರಲ್ಲಿರುವ ತುಕ್ಕು ನಿರೋಧಕಗಳು. ಅವು ಕಾಲಕ್ರಮದಲ್ಲಿ ಕ್ಷೀಣಿಸುವುದರಿಂದಲೇ ಕಂಪನಿಯ ಕೈಪಿಡಿ ಹೇಳಿದ ಅವಧಿಗೆ ಬದಲಿಸಬೇಕೆಂಬ ನಿಯಮವಿದೆ. ನೇರವಾಗಿ ಹಾಕುವ ಮಿಶ್ರಣವನ್ನು ಕೊಂಡರೆ ನೀರು ಸೇರಿಸುವ ಪ್ರಶ್ನೆಯೇ ಬಾರದು. ಗಟ್ಟಿ ಕೂಲೆಂಟ್ ಆದರೆ ಬಟ್ಟಿ ಇಳಿಸಿದ ನೀರು ಅಥವಾ ಲವಣ ತೆಗೆದ ನೀರನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲಿಯೇ ಬೆರೆಸಬೇಕು. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ತಪ್ಪು ನಂಬಿಕೆ. ಗ್ಲೈಕಾಲ್ ಅತಿಯಾದರೆ ಶಾಖ ಹೊರುವ ಶಕ್ತಿ ತಗ್ಗುತ್ತದೆ. ಬಣ್ಣ ನೋಡಿ ಕೂಲೆಂಟ್ ಆರಿಸುವುದೂ ಸರಿಯಲ್ಲ. ಬಣ್ಣವು ಆಯಾ ಕಂಪನಿಯ ಇಚ್ಛೆ. ಒಂದೇ ಬಣ್ಣದ ಎರಡು ಡಬ್ಬಿಗಳ ರಾಸಾಯನಿಕ ಬೇರೆಯಿರಬಹುದು.

ವರ್ತಕರು ಗಮನಿಸಬೇಕಾದ ಅಂಶಗಳು

ಎಂಜಿನ್ ಕೂಲೆಂಟಿಗೆ ಭಾರತೀಯ ಮಾನಕ ಐಎಸ್ 5759 ಇದೆ. ಡಬ್ಬಿಯ ಮೇಲೆ ಮಾನಕದ ಉಲ್ಲೇಖ, ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು ಇಲ್ಲದ ಸರಕನ್ನು ಅಗ್ಗವೆಂದು ದಾಸ್ತಾನು ಮಾಡುವುದು ಅಪಾಯಕರ. ಬಣ್ಣ ಹಾಕಿದ ನೀರು ಮತ್ತು ನಿಜವಾದ ಕೂಲೆಂಟಿನ ವ್ಯತ್ಯಾಸವನ್ನು ವಕ್ರೀಭವನ ಮಾಪಕ ಎಂಬ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣ ಒಂದು ಹನಿಯಲ್ಲಿ ತೋರಿಸಿಕೊಡುತ್ತದೆ. ಮಾರುವ ಅಂಗಡಿಯಲ್ಲಿ ಇದೊಂದು ಇದ್ದರೆ ಗ್ರಾಹಕನ ನಂಬಿಕೆ ತಾನಾಗಿ ಬೆಳೆಯುತ್ತದೆ.

ಮುಚ್ಚಳ, ಹೋಸ್, ಕ್ಲ್ಯಾಂಪ್, ಪಂಪಿನ ಸೀಲ್ ಮತ್ತು ಗ್ಯಾಸ್ಕೆಟ್‌ಗಳು ಜಾಗ ಹಿಡಿಯದ ಸರಕು. ಫೆಬ್ರವರಿ ಮುಗಿಯುವುದರೊಳಗೆ ಇವುಗಳ ದಾಸ್ತಾನು ಸಿದ್ಧವಿದ್ದರೆ ಬೇಸಿಗೆಯಲ್ಲಿ ಗ್ರಾಹಕನು ಹೈದರಾಬಾದಿನಿಂದ ಪಾರ್ಸೆಲ್ ಬರುವವರೆಗೆ ಕಾಯಬೇಕಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಮೋಟಾರ್ ಸೈಕಲ್ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿರುವುದರಿಂದ ಅಸಲಿ ಮಾಲು ಮತ್ತು ಬಿಲ್ಲಿಲ್ಲದ ಮಾಲಿನ ಬೆಲೆಯ ಅಂತರ ಕಡಿಮೆಯಾಗಿದೆ. ಬಿಲ್ಲಿನ ವ್ಯಾಪಾರಕ್ಕೆ ಇದು ಅನುಕೂಲ.

ಬಿಲ್ಲು ಬೇಕಾಗುವುದು ತೆರಿಗೆಗಷ್ಟೇ ಅಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಉತ್ಪನ್ನ ಹೊಣೆಗಾರಿಕೆಯನ್ನು ತಯಾರಕರ ಜೊತೆಗೆ ಮಾರಾಟಗಾರರಿಗೂ ದುರಸ್ತಿ ಸೇವೆ ನೀಡುವವರಿಗೂ ವಿಸ್ತರಿಸಿದೆ. ದೋಷಯುಕ್ತ ಸೇವೆಯಿಂದ ಹಾನಿಯಾದರೆ ಗ್ಯಾರೇಜು ಉತ್ತರ ಹೇಳಬೇಕಾಗಬಹುದು. ಗಾಡಿ ಬಂದಾಗಿನ ಸ್ಥಿತಿ, ಮಾಡಿದ ಪರೀಕ್ಷೆ, ಕಂಡ ದೋಷ, ಹಾಕಿದ ಭಾಗ, ತುಂಬಿದ ಕೂಲೆಂಟಿನ ಹೆಸರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗ್ರಾಹಕನ ಸಹಿ ಪಡೆದರೆ ಇಬ್ಬರಿಗೂ ರಕ್ಷಣೆ.

ಒತ್ತಡ ಪರೀಕ್ಷಕ, ವಕ್ರೀಭವನ ಮಾಪಕ, ಸೀಲ್ ಒತ್ತುವ ಸಾಧನ, ಇವು ಸಣ್ಣ ಗ್ಯಾರೇಜಿಗೂ ನಿಲುಕುವ ಹೂಡಿಕೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲದ ಅವಕಾಶವಿದೆ. ಲೇತ್ ಯಂತ್ರ ಇಟ್ಟುಕೊಂಡಿರುವ ಸಣ್ಣ ಉದ್ಯಮಿಗಳು ವಿವಿಧ ಗಾಡಿಗಳ ರೇಡಿಯೇಟರ್ ಬಾಯಿಗೆ ಹೊಂದುವ ಅಡಾಪ್ಟರುಗಳನ್ನೂ ಸೀಲ್ ಕೂರಿಸುವ ಬುಶ್‌ಗಳನ್ನೂ ಸ್ಥಳೀಯವಾಗಿಯೇ ತಿರುವಿ ಕೊಡಬಹುದು. ಮೋಟಾರ್ ಸೈಕಲ್ಲಿನಲ್ಲಿ ಕಲಿತ ಈ ವಿದ್ಯೆ ಟ್ರ್ಯಾಕ್ಟರ್, ಭತ್ತ ಕಟಾವು ಯಂತ್ರ, ಗಿರಣಿಯ ಜನರೇಟರುಗಳಿಗೂ ಅನ್ವಯಿಸುತ್ತದೆ. ಸುಗ್ಗಿಯ ನಡುವೆ ಕಟಾವು ಯಂತ್ರ ನಿಂತರೆ ಆಗುವ ನಷ್ಟವನ್ನು ಗಂಜಿನ ವರ್ತಕರಿಗೆ ವಿವರಿಸಬೇಕಾಗಿಲ್ಲ.

ಹಳೆಯ ಕೂಲೆಂಟಿನ ವಿಲೇವಾರಿಯನ್ನು ಮರೆಯುವಂತಿಲ್ಲ. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡುತ್ತದೆ, ಪ್ರಾಣಕ್ಕೂ ಸಂಚಕಾರ. ಗ್ಯಾರೇಜಿನ ಮುಂದೆ ಚೆಲ್ಲಿದ್ದನ್ನು ಬಾಯಾರಿದ ನಾಯಿಯೋ ದನವೋ ನೆಕ್ಕಬಹುದು. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟರೆ ಮಕ್ಕಳು ಮೋಸಹೋಗಬಹುದು. ಹೆಸರು ಬರೆದು ಮುಚ್ಚಿದ ಕ್ಯಾನಿನಲ್ಲಿ ಶೇಖರಿಸಿ, ಕೈಗೆಟುಕದ ಕಡೆ ಇಟ್ಟು, ಬಳಸಿದ ಆಯಿಲ್ ಜೊತೆ ಬೆರೆಸದೆ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ಪರವಾನಗಿದಾರರಿಗೆ ಒಪ್ಪಿಸಬೇಕು. ಚರಂಡಿಗೆ ಸುರಿಯಕೂಡದು.

ಎರಡು ನದಿಗಳ ನಡುವಿನ ಈ ನಾಡಿನಲ್ಲಿ ನೀರಿನ ಬೆಲೆ ಏನೆಂಬುದನ್ನು ಜನರಿಗೆ ಹೇಳಿಕೊಡಬೇಕಾಗಿಲ್ಲ. ಹೊಲಕ್ಕೆ ಬರುವ ಕಾಲುವೆ ಎಲ್ಲಿ ಒಡೆದಿದೆ ಎಂದು ರೈತನು ದಂಡೆಯುದ್ದಕ್ಕೂ ನಡೆದು ನೋಡುತ್ತಾನೆ; ಒಡೆದ ಕಡೆ ಮಣ್ಣು ಹಾಕದೆ ಮೇಲಿನಿಂದ ಇನ್ನಷ್ಟು ನೀರು ಬಿಡುವುದಿಲ್ಲ. ಎಂಜಿನ್ನಿನ ವಿಷಯದಲ್ಲಿಯೂ ಇದೇ ಕ್ರಮ ಸಲ್ಲುತ್ತದೆ. ಸೋರುವ ಜಾಗವನ್ನು ಹುಡುಕಿ ಸರಿಪಡಿಸುವ ಗ್ಯಾರೇಜಿಗೂ ಸರಿಯಾದ ಸರಕನ್ನು ಸರಿಯಾದ ಬಿಲ್ಲಿನೊಂದಿಗೆ ಕೊಡುವ ಅಂಗಡಿಗೂ ಗ್ರಾಹಕನು ಮುಂದಿನ ಬೇಸಿಗೆಯಲ್ಲಿ ತಾನಾಗಿಯೇ ಮರಳಿ ಬರುತ್ತಾನೆ.